ಡೇರೆ ಗಿಡದ ಕೊಟ್ಟೆಯ ಹಿಂಬದಿ

ಹೂವಿನ ಗಿಡವೊಂದನ್ನು ಫೋನಿನಲ್ಲಿ ಓದಿಸಿಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?

ನಾನಿದ್ದೇನೆ. ಶಿರಸಿಯ ನಮ್ಮ ಮನೆಯ ಹಿತ್ತಲಲ್ಲಿ ಕೈತುಂಬ ಮಣ್ಣು ಮಾಡಿಕೊಂಡು ಕೂತು, ಸಿದ್ದಾಪುರ ತಾಲೂಕಿನ ಹೆಗ್ಗರಣೆಯಲ್ಲಿದ್ದ ಡೇರೆ (ಡೇಲಿಯಾ) ಗಿಡವೊಂದನ್ನು ಸಾಲು ಸಾಲಾಗಿ ಓದಿಸಿಕೊಂಡಿದ್ದೇನೆ. ಆ ಹೊತ್ತಿಗೆ ನನ್ನ ಮಾವ, ಅಂದರೆ ಗಂಡನ ಅಪ್ಪ, ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿಕೊಂಡು ಮಲಗಿದ್ದರು. ಅವರು ಮನೆಗೆ ಬಂದು ಉಳಿಯುತ್ತಾರೋ ಇಲ್ಲವೋ ಎಂಬುದು ಆ ಗಿಡದ ಮೇಲೆ ಬರೆದಿತ್ತು.

ಉತ್ಪ್ರೇಕ್ಷೆ ಅಲ್ಲ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ನಾನು ಯಲ್ಲಾಪುರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು ಅಂತ ಈ ಅಂಕಣ ಓದುವವರಿಗೆ ಗೊತ್ತು. ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಪ್ರತಿ ವರ್ಷ ನಾನು ಗ್ರಾಹಕರ ಹಕ್ಕುಗಳ ಬಗ್ಗೆ ಒಂದು ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ‘ಪ್ಯಾಕೆಟ್ ತಿರುಗಿಸಿ ಓದಿ’ ಎಂದು ಬರೆಯುತ್ತೇನೆ. ಬರೆದು, ಕೆಳಗೆ ಎರಡು ಗೆರೆ ಎಳೆದು, ಗಂಟೆ ಹೊಡೆದ ಮೇಲೆ ಡಸ್ಟರಿನಿಂದ ಒರೆಸಿ, ಶಿರಸಿ ಬಸ್ಸು ಹತ್ತುತ್ತೇನೆ. ತಲೆಯಿಂದಲೂ ಅಲ್ಲೇ ಒರೆಸಿಕೊಂಡು ಹತ್ತುತ್ತಿದ್ದೆ ಅಂತ ಈ ಜೂನ್‌ನಲ್ಲಿ ಗೊತ್ತಾಯಿತು.

ಶುರುವಾಗಿದ್ದು ಏಪ್ರಿಲ್‌ನಲ್ಲಿ. ಮಾವನಿಗೆ ಎಪ್ಪತ್ತೊಂದು. ಬಿ.ಪಿ. ಇದೆ, ಮಾತ್ರೆ ಇದೆ. ಈ ಸಲ ರಕ್ತ ಪರೀಕ್ಷೆ ಮಾಡಿದ ಡಾಕ್ಟರು ಕಿಡ್ನಿ ಸ್ವಲ್ಪ ವೀಕ್ ಆಗಿದೆ, ಉಪ್ಪು ಕಡಿಮೆ ಮಾಡಿ ಅಂದರು. ಅಷ್ಟೇ ಸಾಕಾಯಿತು. ಇಡೀ ಮನೆಯ ಆರೋಗ್ಯದ ಖಾತೆಯನ್ನು ನಾನೇ ವಹಿಸಿಕೊಂಡುಬಿಟ್ಟೆ. (ಓದಿದ ಸೊಸೆಯರಿಗೆ ಇದೊಂದು ರೋಗ.)

ಮಾರ್ಟಿಗೆ ಹೋದೆ. ಸಂಬಳದ ಮಿತಿಯಲ್ಲೇ ಆರೋಗ್ಯ ತರಬೇಕು, ಅದು ನನ್ನ ಹಟ. ಓಟ್ಸ್, ಏಳು ಧಾನ್ಯದ ಬಿಸ್ಕತ್ತು, ಎಂಥದೋ ಸೂಪಿನ ಪುಡಿ. ಕೊನೆಗೆ ಕಣ್ಣಿಗೆ ಬಿದ್ದದ್ದು ಒಂದು ಉಪ್ಪು. ಗಟ್ಟಿ ಬಿಳಿ ಪ್ಯಾಕೆಟ್. ಮೇಲೆ ಒಂದು ಕೆಂಪು ಹೃದಯ, ಪಕ್ಕದಲ್ಲಿ ಒಂದು ಹಸಿರು ಎಲೆ. ಸೋಡಿಯಂ ಕಡಿಮೆ ಅಂತ ದೊಡ್ಡದಾಗಿ ಬರೆದಿತ್ತು. ಎರಡು ಕೊಂಡರೆ ಒಂದು ಫ್ರೀ.

ನೀವಾದರೂ ಬಿಡುತ್ತಿದ್ದಿರಾ? ಉಪ್ಪು ಕಡಿಮೆ ಮಾಡಿ ಅಂದಿದ್ದಾರೆ ಡಾಕ್ಟರು. ಇಲ್ಲಿ ಉಪ್ಪೇ ತನ್ನನ್ನು ತಾನು ಕಡಿಮೆ ಮಾಡಿಕೊಂಡು ಬಂದಿದೆ. ಮೂರು ಪ್ಯಾಕೆಟ್ ಎತ್ತಿಕೊಂಡು ಬಂದೆ.

ಇನ್ನು ನಮ್ಮ ಅತ್ತೆಯ ಅಡುಗೆಮನೆಯ ಕಾನೂನು ಕೇಳಿ. ಪೇಟೆಯಿಂದ ಬಂದ ಯಾವ ಪ್ಯಾಕೆಟ್ಟೂ ಅಲ್ಲಿ ಒಂದು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಎಲ್ಲವೂ ಡಬ್ಬಿಗೆ. ಮತ್ತೆ ಆ ಡಬ್ಬಿಗಳು ತಮ್ಮ ಮೇಲೆ ಬರೆದದ್ದನ್ನು ಎಂದೂ ಒಳಗೆ ಇಟ್ಟುಕೊಳ್ಳುವುದಿಲ್ಲ. ಕಾಫಿ ಪುಡಿಯ ಡಬ್ಬಿಯಲ್ಲಿ ಜೀರಿಗೆ. ಮಗುವಿನ ಹಾಲಿನ ಪುಡಿಯ ಡಬ್ಬಿಯಲ್ಲಿ ಮೆಂತ್ಯ. (ಆ ಮಗುವಿಗೆ ಈಗ ಇಪ್ಪತ್ತಾರು ವರ್ಷ.) ಉಪ್ಪಿಗೆ ಮಾತ್ರ ಅತ್ತೆಯ ತವರಿನಿಂದ ಬಂದ ಮರದ ಮರಿಗೆ, ನಾಲ್ಕು ಕೇಜಿ ಹಿಡಿಯುವಂಥದು.

ಖಾಲಿಯಾದ ಪ್ಯಾಕೆಟ್ಟಿಗೆ ನಮ್ಮಲ್ಲಿ ಕೊಟ್ಟೆ ಎನ್ನುತ್ತಾರೆ. ಪ್ಲಾಸ್ಟಿಕ್ಕಿನ ಚೀಲ ಯಾವುದಾದರೂ ಕೊಟ್ಟೆಯೇ. ತೆಳು ಕೊಟ್ಟೆ ಬಚ್ಚಲ ಒಲೆಗೆ, ಬೆಂಕಿ ಹತ್ತಿಸಲಿಕ್ಕೆ. (ತಪ್ಪು, ಗೊತ್ತು. ನಿಮ್ಮ ಮನೆಯಲ್ಲೂ ಹಾಕುತ್ತೀರಿ.) ದಪ್ಪ ಕೊಟ್ಟೆ ಮಾತ್ರ ಬದುಕುತ್ತದೆ. ಅತ್ತೆ ಅದನ್ನು ತೊಳೆದು, ಬಾಯಿ ಕತ್ತರಿಸಿ, ದಬ್ಬಣದಿಂದ ನಾಲ್ಕು ತೂತು ಹೊಡೆದು, ಮಣ್ಣು ತುಂಬಿ, ಡೇರೆ ಗೆಡ್ಡೆ ಊರುತ್ತಾರೆ. ನಮ್ಮ ಕಡೆ ಹೆಂಗಸರ ಆಸ್ತಿ ಅಂದರೆ ಬಂಗಾರ ಆಮೇಲೆ, ಡೇರೆ ಮೊದಲು. ಯಾರ ಮನೆಯಲ್ಲಿ ಯಾವ ಬಣ್ಣ ಇದೆ, ಯಾರು ಕೇಳಿದರೂ ಗೆಡ್ಡೆ ಕೊಡಲಿಲ್ಲ ಎಂಬುದೆಲ್ಲ ಮೂರು ತಾಲೂಕಿಗೆ ಗೊತ್ತಿರುತ್ತದೆ.

ಮೂರೂ ಪ್ಯಾಕೆಟ್ ಉಪ್ಪನ್ನು ಒಂದೇ ದಿನ ಮರಿಗೆಗೆ ಸುರಿದು ಅತ್ತೆ ಕೊಟ್ಟೆಯನ್ನು ತಟ್ಟಿ ನೋಡಿದರು.

“ಉಪ್ಪು ಎಂಥದ್ದೋ ಗೊತ್ತಿಲ್ಲೆ ಕೂಸೇ. ಕೊಟ್ಟೆ ಮಾತ್ರ ಗನಾ ಇದ್ದು. ತನ್ನಷ್ಟಕ್ಕೆ ನಿತ್ಕತ್ತು.”

ಗನಾ ಅಂದರೆ ಚೆಂದ, ಒಳ್ಳೆಯದು. ಆ ಕೊಟ್ಟೆಗಳು ಮಾವನ ಜೀವ ಉಳಿಸುತ್ತವೆ ಅಂತ ಆಗ ಅವರಿಗೂ ಗೊತ್ತಿರಲಿಲ್ಲ.

ಅದು ಮಾವಿನಕಾಯಿಯ ಕಾಲ. ಆ ಎರಡು ತಿಂಗಳು ನಮ್ಮಲ್ಲಿ ಊಟ ಮುಗಿಯುವುದು ಅಪ್ಪೆಹುಳಿಯಿಂದ. ಮಾವಿನಕಾಯಿ ಬೇಯಿಸಿ ಕಿವುಚಿ, ನೀರು ನೀರು ಮಾಡಿ, ಉಪ್ಪು ಹಾಕಿ, ಇಂಗು ಮೆಣಸಿನ ಒಗ್ಗರಣೆ ಕೊಟ್ಟ ಹುಳಿ. ಅನ್ನಕ್ಕೆ ಸ್ವಲ್ಪ, ಲೋಟಕ್ಕೆ ಬಹಳ. ಡಾಕ್ಟರು ಉಪ್ಪು ಕಡಿಮೆ ಅಂದ ದಿನದಿಂದ ಮಾವನ ಲೋಟ ನಿಂತಿತ್ತು. ಹೊಸ ಉಪ್ಪು ಬಂದದ್ದೇ ತಡ, ಅತ್ತೆಗೆ ಧೈರ್ಯ ಬಂತು.

“ಇದು ಡಾಕ್ಟ್ರು ಹೇಳಿದ ನಮೂನೆ ಉಪ್ಪು ಅಲ್ದನೇ? ಒಂದು ಲೋಟ ಕುಡಿಲಿ ಬಿಡು.”

ಒಂದು ಎರಡಾಯಿತು, ಎರಡು ಮೂರಾಯಿತು. ಜತೆಗೆ ಆ ಉಪ್ಪು ರುಚಿಗೆ ಸಾಲುತ್ತಿರಲಿಲ್ಲ. ಹಾಗಾಗಿ ಇನ್ನೊಂದು ಚಮಚ. ಮಾವ ಲೋಟ ಕೆಳಗಿಟ್ಟು ತುಟಿ ಒರೆಸಿಕೊಳ್ಳುತ್ತ ಒಂದು ದಿನ ಹೇಳಿದರು:

“ಎಷ್ಟು ಹಾಕಿದ್ರೂ ಸಪ್ಪೆ. ಕಡೆಗೆ ನಾಲಿಗೆ ಮೇಲೆ ಒಂದು ನಮೂನೆ ಕಹಿ ಉಳಿತು.”

ನಾನು ಏನಂದೆ ಗೊತ್ತೇ? “ಆರೋಗ್ಯ ಅಂದ್ರೆ ಸ್ವಲ್ಪ ಕಹಿ ಇರ್ತು ಮಾವ.”

ಆ ವಾಕ್ಯ ನನಗೆ ಈಗಲೂ ದಿನಕ್ಕೊಮ್ಮೆ ಕೇಳಿಸುತ್ತದೆ, ನನ್ನದೇ ದನಿಯಲ್ಲಿ.

ಮೇ ಕೊನೆಯ ವಾರ. ಬೆಳಿಗ್ಗೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಡೇರೆಗೆ ನೀರು ಹಾಕುತ್ತಿದ್ದ ಮಾವ ಏಳಲು ಹೋದರು, ಏಳಲಾಗಲಿಲ್ಲ. “ಕಾಲು ನನ್ನ ಮಾತು ಕೇಳ್ತಿಲ್ಲೆ” ಅಂದರು, ನಗುತ್ತಲೇ. ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಪೊಟ್ಯಾಶಿಯಂ ಏರಿದೆ, ಅದು ಏರಿದರೆ ಸ್ನಾಯು ಸೋಲುತ್ತದೆ, ಹೃದಯದ ಬಡಿತ ಹಳಿ ತಪ್ಪುತ್ತದೆ ಅಂದರು. ಎಳನೀರು ಕುಡಿಯುತ್ತಾರಾ? ಇಲ್ಲ. ಬಾಳೆಹಣ್ಣು? ಇಲ್ಲ. ನಾಟಿ ಔಷಧಿ? ಇಲ್ಲ.

“ಉಪ್ಪು ಕಡಿಮೆ ಮಾಡಿದ್ದೀರಿ ತಾನೆ?” ಅಂತ ಕೇಳಿದರು ಡಾಕ್ಟರು.

“ಪೂರಾ ಕಡಿಮೆ ಡಾಕ್ಟ್ರೇ” ಅಂದೆ.

“ಗುಡ್” ಅಂದರು. ನನಗೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಬಂದಷ್ಟು ಖುಷಿಯಾಯಿತು.

ಮೂರು ದಿನದಲ್ಲಿ ಎಲ್ಲ ಸರಿಹೋಯಿತು. ಮನೆಗೆ ಕರೆತಂದೆವು. ಹೆಗ್ಗರಣೆಯಿಂದ ಅತ್ತಿಗೆ, ಮಾವನ ಮಗಳು, ಅಪ್ಪನನ್ನು ನೋಡಲು ಬಂದರು. ಹೋಗುವಾಗ ಅತ್ತೆ ಮಗಳಿಗೆ ಮೂರು ಡೇರೆ ಗಿಡ ಕೊಟ್ಟು ಕಳಿಸಿದರು. ಅಪ್ಪ ಎದ್ದು ಕೂತ ಖುಷಿಗೆ ಅವತ್ತು ಅಪ್ಪೆಹುಳಿ. ಆಮೇಲೂ ದಿನಾ ಅಪ್ಪೆಹುಳಿ.

ಎಂಟನೇ ದಿನ ಮಾವ ಮತ್ತೆ ಬಿದ್ದರು.

ಈ ಸಲ ನಗಲಿಲ್ಲ. ಆಟೋದಲ್ಲಿ ಗಂಡ ಅವರ ತಲೆ ಹಿಡಿದು ಕೂತಿದ್ದರು, ನಾನು ಮಣಿಕಟ್ಟು ಹಿಡಿದಿದ್ದೆ. ನಾಡಿ ನೋಡಲು ನನಗೆ ಬರುವುದಿಲ್ಲ. ಆದರೆ ಬೆರಳಿನ ಕೆಳಗೆ ಒಂದು ಬಡಿತ ಬಂದು, ಇನ್ನೊಂದು ಬರಬೇಕಾದ ಜಾಗದಲ್ಲಿ ಏನೂ ಬಾರದಿದ್ದರೆ ಯಾರಿಗಾದರೂ ತಿಳಿಯುತ್ತದೆ. ನಾನು ಕಾಯುತ್ತಿದ್ದೆ. ಬರುತ್ತಿತ್ತು. ಮತ್ತೆ ಕಾಯುತ್ತಿದ್ದೆ. ರಸ್ತೆಯ ಪ್ರತಿ ಉಬ್ಬಿಗೂ ಅವರ ಕೈ ನನ್ನ ಕೈಯೊಳಗೆ ಜೋತು ಬೀಳುತ್ತಿತ್ತು. ಕಣ್ಣು ಮುಚ್ಚಿಕೊಂಡೇ ಮಾವ ಡ್ರೈವರಿಗೆ ಹೇಳಿದರು, “ನಿಧಾನ ಹೋಗು ತಮಾ, ಅವಸರ ಇಲ್ಲೆ.”

ಅದೇ ಹೊತ್ತಿಗೆ ಆಟೋ ಮಾರ್ಟಿನ ಮುಂದೆ ಹಾದುಹೋಯಿತು. ಹೊರಗೆ ದೊಡ್ಡ ಬ್ಯಾನರು. ಕೆಂಪು ಹೃದಯ, ಹಸಿರು ಎಲೆ. ನೋಡಿದೆ. ಏನೂ ಹೊಳೆಯಲಿಲ್ಲ.

ಇಂಜೆಕ್ಷನ್ನು, ಡ್ರಿಪ್ಪು, ವೈರು ಎಲ್ಲ ಆದಮೇಲೆ ಡಾಕ್ಟರು ನಮ್ಮನ್ನು ಹೊರಗೆ ಕರೆದರು.

“ಎರಡು ಸಲ ಹಿಡಿದು ನಿಲ್ಲಿಸಿದ್ದೇನೆ. ಮೂರನೇ ಸಲ ನೀವು ಇಲ್ಲಿಗೆ ಬಂದು ಮುಟ್ಟುವಷ್ಟು ಟೈಮ್ ಸಿಗುತ್ತದೆ ಅಂತ ನಾನು ಹೇಳುವುದಿಲ್ಲ” ಅಂದರು. “ಇಲ್ಲಿ ಇಳಿಯುತ್ತದೆ, ಮನೆಗೆ ಹೋದರೆ ಏರುತ್ತದೆ. ಅಂದಮೇಲೆ ನಿಮ್ಮ ಮನೆಯಲ್ಲೇ ಏನೋ ಇದೆ. ಅವರ ಬಾಯಿಗೆ ಹೋಗುವ ಪ್ರತಿಯೊಂದರ ಪ್ಯಾಕೆಟ್ ತನ್ನಿ. ಒಳಗಿನ ಪದಾರ್ಥ ಬೇಡ, ಪ್ಯಾಕೆಟ್ ಬೇಕು.”

ಗಂಡ ಅಲ್ಲೇ ಉಳಿದರು. ನಾನು ಮನೆಗೆ ಓಡಿದೆ. ಅಡುಗೆಮನೆಯಲ್ಲಿ ಅತ್ತೆ, ಅವರ ಹಿಂದೆ ಡಬ್ಬಿಗಳ ಸಾಲು. ಒಂದರ ಮೇಲೂ ನಿಜ ಇಲ್ಲ.

“ಕೊಟ್ಟೆ ಎಲ್ಲಿದ್ದು ಅತ್ತೆ?”

ಅತ್ತೆ ಒಂದು ಕ್ಷಣ ಬಚ್ಚಲ ಒಲೆಯ ಕಡೆ ನೋಡಿದರು. ನನ್ನ ಜೀವ ಹಾರಿತು. ಆಮೇಲೆ ಅವರೇ ಹಿತ್ತಲ ಬಾಗಿಲು ತೆಗೆದರು.

“ಗಟ್ಟಿದೆಲ್ಲ ಇಲ್ಲಿದ್ದು.”

ಮೆಟ್ಟಿಲ ಪಕ್ಕ ಹದಿನಾಲ್ಕು ಡೇರೆ ಗಿಡ. ರವೆಯ ಕೊಟ್ಟೆಯಲ್ಲಿ ಒಂದು, ಎಣ್ಣೆಯ ಕೊಟ್ಟೆಯಲ್ಲಿ ಮೂರು, ಓಟ್ಸಿನದರಲ್ಲಿ ಒಂದು, ಬಿಸ್ಕತ್ತಿನ ದೊಡ್ಡ ಪ್ಯಾಕಿನಲ್ಲಿ ಇನ್ನೊಂದು. ನಮ್ಮ ಮನೆ ಎರಡು ತಿಂಗಳಿಂದ ತಿಂದದ್ದೆಲ್ಲ ಅಲ್ಲಿ ಸಾಲಾಗಿ ಚಿಗುರಿ ನಿಂತಿತ್ತು.

ನಾನು ಒದ್ದೆ ಬಟ್ಟೆ ಹಿಡಿದು ಕೂತೆ. ಅತ್ತೆ ಒಂದೊಂದೇ ಗಿಡ ಎತ್ತಿ ತಿರುಗಿಸಿ ಹಿಡಿದರು. ಮಣ್ಣು ಒರೆಸಿದೆ. ಓದಿದೆ. ಜೀವಮಾನದಲ್ಲಿ ಮೊದಲ ಸಲ ನಾನು ಪ್ಯಾಕೆಟ್ಟಿನ ಹಿಂಬದಿ ಓದಿದ್ದು ಹೀಗೆ, ಗಿಡದ ಬುಡದಲ್ಲಿ.

ಏಳು ಧಾನ್ಯದ ಬಿಸ್ಕತ್ತಿನಲ್ಲಿ ಮೊದಲ ಹೆಸರು ಮೈದಾ. ಎರಡನೆಯದು ಸಕ್ಕರೆ. ಮೂರನೆಯದು ತಾಳೆ ಎಣ್ಣೆ. ಮುಂಬದಿಯಲ್ಲಿ ತೆನೆ ತೂಗುತ್ತಿದ್ದ ಏಳು ಧಾನ್ಯಗಳು ಹಿಂಬದಿಯಲ್ಲಿ ಕೊನೆಯ ಸಾಲಿನಲ್ಲಿ, ಒಂದರ ಮೇಲೊಂದು ಕೂತಿದ್ದವು. ಬೇರೆ ದಿನವಾಗಿದ್ದರೆ ಸಿಟ್ಟು ಬರುತ್ತಿತ್ತು. ಅವತ್ತು ನಾನು ಹುಡುಕುತ್ತಿದ್ದುದು ಒಂದೇ ಹೆಸರು. ಪೊಟ್ಯಾಶಿಯಂ. ಹದಿನಾಲ್ಕು ಗಿಡದಲ್ಲಿ ಎಲ್ಲೂ ಅಂಥದ್ದು ಕಾಣಲಿಲ್ಲ.

“ಉಪ್ಪಿಂದು ಓದಿದ್ದಿಲ್ಲೆ” ಅಂದರು ಅತ್ತೆ.

“ಉಪ್ಪಲ್ಲಿ ಉಪ್ಪು ಬಿಟ್ಟು ಎಂತ ಇರ್ತು ಅತ್ತೆ?”

ನಾನು ಸ್ನಾತಕೋತ್ತರ ಪದವಿ. ಅತ್ತೆ ಆರನೇ ಇಯತ್ತೆ. ಅವರು ಹೇಳಿದರು: “ಡಾಕ್ಟ್ರು ಎಲ್ಲದೂ ಹೇಳಿ ಹೇಳಿದ್ದ. ಉಪ್ಪು ಬಿಟ್ಟು ಹೇಳಿ ಹೇಳಿದ್ವಿಲ್ಲೆ.” (ನಮ್ಮ ಮಾತಿನಲ್ಲಿ ‘ಹೇಳಿ’ ಅಂದರೆ ‘ಅಂತ’.)

ಉಪ್ಪಿನ ಕೊಟ್ಟೆ ಎಲ್ಲಿ? ಮೂರೂ ಹೆಗ್ಗರಣೆಗೆ ಹೋಗಿದ್ದವು, ಅತ್ತಿಗೆಯ ಚೀಲದಲ್ಲಿ, ಡೇರೆ ಸಮೇತ. ಮಾರ್ಟಿಗೆ ಓಡಿ ಅದೇ ಉಪ್ಪು ನೋಡಬಹುದಿತ್ತಲ್ಲ ಅನ್ನುತ್ತೀರಾ? ನನಗೆ ಹೆಸರೇ ನೆನಪಿರಲಿಲ್ಲ. ನೆನಪಿದ್ದದ್ದು ಹೃದಯ ಮತ್ತು ಎಲೆ. ಈಗಿನ ಪ್ಯಾಕೆಟ್ಟುಗಳಲ್ಲಿ ಹೃದಯ, ಎಲೆ ಇಲ್ಲದ್ದು ಯಾವುದಿದೆ ಹೇಳಿ.

ಅತ್ತಿಗೆ ಅಂಗನವಾಡಿ ಕಾರ್ಯಕರ್ತೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಗುಡ್ಡ ಹತ್ತಬೇಕು. ಲ್ಯಾಂಡ್‌ಲೈನಿಗೆ ಮಾಡಿ ವಿಷಯ ಹೇಳಿದೆ. ಹತ್ತು ನಿಮಿಷಕ್ಕೆ ಅವರ ಮೊಬೈಲಿನಿಂದ ಫೋನ್ ಬಂತು, ಏದುಸಿರು ಸಮೇತ. ಗಿಡ ಎತ್ತಿಕೊಂಡೇ ಗುಡ್ಡ ಹತ್ತಿದ್ದರು.

“ಫೋಟೊ ಹೋಗ್ತಿಲ್ಲೆ ತಂಗೀ, ಸುತ್ತತ್ತೇ ಇದ್ದು. ಬಾಯಲ್ಲಿ ಓದ್ತೆ. ಮುಂದೆ ಹಾರ್ಟಿನ ಚಿತ್ರ ಇದ್ದು...”

“ಮುಂದೆ ಬೇಡ ಅತ್ಗೆ. ಹಿಂದೆ.”

“ಹಿಂದೆ ಪೂರಾ ಮಣ್ಣು. ತಡಿ, ಸೆರಗಲ್ಲಿ ಒರೆಸ್ತೆ.” ಗಾಳಿಯ ಸದ್ದು. “ಅಯ್ಯೋ ಮಾರಾಯ್ತಿ, ಇರುವೆ ಸಾಲು ಹೋದಂಗೆ ಬರದ್ದ. ಇಂಗ್ರೀಡಿಯೆಂಟ್ಸ್. ಸೋಡಿಯಂ ಕ್ಲೋರೈಡ್. ಆಮೇಲೆ... ಇಲ್ಲೊಂದು ತೂತು.”

“ಎಂಥ ತೂತು?”

“ಆಯಿ ನೀರು ಬಸಿಲಿ ಹೇಳಿ ಹೊಡದ ತೂತು. ಸಮಾ ಅಕ್ಷರದ ಮೇಲೇ ಹೊಡದ್ದು. ತಡಿ, ಇನ್ನೊಂದು ಗಿಡ ತಂಜೆ.”

ಎರಡು ಗಿಡ ಎತ್ತಿಕೊಂಡು ಗುಡ್ಡ ಹತ್ತಿದ್ದರು ಆ ಮಹಾತಾಯಿ. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ತಮ್ಮ ದಬ್ಬಣದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡರು.

“ಸೋಡಿಯಂ ಕ್ಲೋರೈಡ್” ಅತ್ತಿಗೆ ಮತ್ತೆ ಓದಿದರು. “ಪೊಟ್ಯಾಶಿಯಂ ಕ್ಲೋರೈಡ್.”

ಅವರು ಓದುತ್ತ ಹೋದರು. ಅಂಗನವಾಡಿಯಲ್ಲಿ ಓದಿಸುವ ಹಾಗೆ, ಒಂದೊಂದೇ ಪದ, ಇಂಗ್ಲಿಷಿನದನ್ನು ಕನ್ನಡ ಮಾಡಿಕೊಂಡು. “ಕೆಳಗೆ ಇನ್ನೂ ಸಣ್ಣಕೆ ಇದ್ದು. ಕಿಡ್ನಿ ತೊಂದರೆ ಇದ್ದವರು... ಪೊಟ್ಯಾಶಿಯಂ ಕಡಿಮೆ ತಿನ್ನಬೇಕಾದವರು... ಡಾಕ್ಟರನ್ನು ಕೇಳದೆ ಬಳಸಬಾರದು.”

ಗುಡ್ಡದ ಮೇಲೆ ಗಾಳಿ ಬೀಸುತ್ತಲೇ ಇತ್ತು. ಓದಿ ಮುಗಿಸಿ ಅತ್ತಿಗೆ ಕೇಳಿದರು.

“ಇದ್ರ ಅಪ್ಪಯ್ಯಂಗೆ ಹಾಕಿದ್ರಾ?”

ಹೌದು ಅಂದೆ. ತಂದವಳು ನಾನು ಅಂತಲೂ ಅಂದೆ. ಅವರು ಬಯ್ಯುತ್ತಾರೆ ಅಂತ ಕಾದೆ.

“ಅಳಡ” ಅಂದರು, ಅಳಬೇಡ ಅಂತ. “ಅಳಲೆ ಆಮೇಲೆ ಟೈಮಿದ್ದು. ಮೊದ್ಲು ಡಾಕ್ಟ್ರಿಗೆ ಹೇಳು.”

ಡಾಕ್ಟರು ಕೇಳಿ ಮೇಜಿನ ಮೇಲೆ ಕೈ ಬಡಿದರು. “ಅದೇ. ಅವರ ಬಿ.ಪಿ. ಮಾತ್ರೆಯೂ ಪೊಟ್ಯಾಶಿಯಮ್ಮನ್ನು ಒಳಗೇ ಹಿಡಿದಿಡುವಂಥದು. ಕಿಡ್ನಿ ಹೊರಗೆ ಹಾಕುತ್ತಿಲ್ಲ, ನೀವು ಮೇಲಿಂದ ಸುರಿಯುತ್ತಿದ್ದೀರಿ.” ಆಮೇಲೆ ಒಂದು ಮಾತು ಹೇಳಿದರು, ಅದಕ್ಕೆ ಅವರ ಮೇಲೆ ಗೌರವ ಇಮ್ಮಡಿಯಾಯಿತು. “ಎಷ್ಟು ಉಪ್ಪು ಅಂತ ಕೇಳಿದೆ. ಯಾವ ಉಪ್ಪು ಅಂತ ನಾನೂ ಕೇಳಬೇಕಿತ್ತು.”

ಇಲ್ಲಿ ಒಂದು ಸ್ಪಷ್ಟನೆ ಕೊಡಲೇಬೇಕು. ಆ ಉಪ್ಪು ವಿಷವಲ್ಲ. ಕಿಡ್ನಿ ಸರಿಯಿರುವ ಎಷ್ಟೋ ಜನರಿಗೆ ಅದು ಒಳ್ಳೆಯದೇ ಆಗಬಹುದು ಅಂತ ಡಾಕ್ಟರೇ ಅಂದರು. ಪ್ಯಾಕೆಟ್ ಸುಳ್ಳೂ ಹೇಳಿರಲಿಲ್ಲ. ಯಾರು ತಿನ್ನಬಾರದು ಅಂತ ಬರೆದೇ ಇತ್ತು. ಮುಂಬದಿ ನನ್ನನ್ನು ಕರೆಯಿತು, ಹೋದೆ. ಹಿಂಬದಿ ಎಚ್ಚರಿಸುತ್ತಿತ್ತು, ಅದಕ್ಕೆ ನಾನು ಬೆನ್ನು ಹಾಕಿದ್ದೆ.

ಮರುದಿನ ಮಾವ ಎದ್ದು ಕೂತರು. ನಾನು ತಲೆ ತಗ್ಗಿಸಿಕೊಂಡು ವಿಷಯ ಒಪ್ಪಿಸಿದೆ. ಮಾವನ ಬಗ್ಗೆ ಒಂದು ಮಾತು ಹೇಳುವುದು ಬಿಟ್ಟಿದ್ದೆ. ಅವರು ಮೂವತ್ತು ವರ್ಷ ಹಳ್ಳಿಯ ಸೊಸೈಟಿಯೊಂದರ ಗೊಬ್ಬರದ ಗೋದಾಮು ನೋಡಿಕೊಂಡವರು.

“ಎಂತದು? ಪೊಟ್ಯಾಶಿಯಂ ಕ್ಲೋರೈಡಾ?” ಅಂದರು. “ಅದು ಪೊಟ್ಯಾಶ್ ಅಲ್ದನೇ? ಚೀಲಗಟ್ಲೆ ಮಾರಿದ್ದೆ. ತೆಂಗಿನ ಮರಕ್ಕೆ ಹಾಕದ್ರ ನಂಗೆ ಹಾಕಿದ್ಯಾ?”

ಊಟದ ಉಪ್ಪಿನಲ್ಲಿರುವುದು ಬೇರೆ, ಶುದ್ಧ ಮಾಡಿದ್ದು ಅಂತ ನಾನು ತೊದಲಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಪಕ್ಕದ ಹಾಸಿಗೆಯವರಿಗೆ ಹೇಳಿ ನಗುತ್ತಿದ್ದರು. “ನಮ್ಮ ಸೊಸೆ ನಂಗೆ ಗೊಬ್ಬರ ಕೊಟ್ಟಿದ್ದು. ಮುಂದಿನ ವರ್ಷ ಫಸಲು ನೋಡವು.”

ಯೋಚಿಸಿ. ಆ ಹಿಂಬದಿಯನ್ನು ಒಂದೇ ನೋಟಕ್ಕೆ ಅರ್ಥ ಮಾಡಿಕೊಳ್ಳಬಲ್ಲ ಮನುಷ್ಯ ನಮ್ಮ ಮನೆಯಲ್ಲೇ ಇದ್ದರು. ಅವರಿಗೆ ಉಪ್ಪು ಬಡಿಸಿದೆವು, ಪ್ಯಾಕೆಟ್ ಮಾತ್ರ ತೋರಿಸಲಿಲ್ಲ. ಅವರ ನಾಲಿಗೆ ಕಹಿ ಅಂತ ಹೇಳಿಯೂ ಇತ್ತು.

ಮಾವ ಮನೆಗೆ ಬಂದರು. ಮರಿಗೆಯಲ್ಲಿ ಉಳಿದಿದ್ದ ಉಪ್ಪು ನೇರ ತೆಂಗಿನ ಮರದ ಬುಡಕ್ಕೆ ಹೋಯಿತು, ಮಾವನೇ ನಿಂತು ಹಾಕಿಸಿದರು. ಅದಾದ ಮೇಲೆ ಮೂರು ಸಲ ರಕ್ತ ನೋಡಿಸಿದ್ದೇವೆ. ಮೂರು ಸಲವೂ ಪೊಟ್ಯಾಶಿಯಂ ತನ್ನ ಜಾಗದಲ್ಲಿದೆ. ಮಾವ ಈಗ ದಿನಾ ಬೆಳಿಗ್ಗೆ ಪೇಟೆ ಸುತ್ತಿ, ಮೂರು ಜನರಿಗೆ ಗೊಬ್ಬರದ ಕಥೆ ಹೇಳಿ ಬರುತ್ತಾರೆ.

ಆದರೆ ನಿಜವಾಗಿ ಗೆದ್ದವರು ಅತ್ತೆ.

ಜುಲೈನ ಒಂದು ಭಾನುವಾರ “ಆನೂ ಬತ್ತೆ ಮಾರ್ಟಿಗೆ” ಅಂದರು, ನಾನೂ ಬರುತ್ತೇನೆ ಅಂತ. ಮಾವನೂ ಹೊರಟರು, ಗೋದಾಮಿನ ಕಾಲದ ದಪ್ಪ ಕನ್ನಡಕ ಹಾಕಿಕೊಂಡು. ಕೆಲಸ ಹಂಚಿಕೆ ಹೀಗೆ: ಮಾವ ಓದುವುದು, ಅತ್ತೆ ತೀರ್ಪು ಕೊಡುವುದು, ನಾನು ಚೀಲ ಹಿಡಿಯುವುದು.

ಮುಂಡಗೋಡ ಕಡೆಯ ಸೇಲ್ಸ್ ಹುಡುಗಿ ನಗುನಗುತ್ತ ಎದುರು ಬಂದಳು. “ಬರ್ರಿ ಅಮ್ಮಾರ. ಇದು ಹೊಸಾ ಬಿಸ್ಕೀಟ್ ಬಂದೈತ್ರಿ. ರಾಗಿದು. ಭಾಳ ಹೆಲ್ದೀ ಐತ್ರಿ.”

ಅತ್ತೆ ಅದನ್ನು ತೆಗೆದುಕೊಂಡು, ಮುಂಬದಿ ನೋಡದೆ, ನೇರ ತಿರುಗಿಸಿ ಮಾವನ ಮೂಗಿನ ಮುಂದೆ ಹಿಡಿದರು.

“ಮೊದ್ಲು ಎಂತ ಬರದ್ದು?”

“ಮೈದಾ.”

“ರಾಗಿ ಎಷ್ಟನೇದು?”

“ಐದು.”

“ಇಡು.” ಅತ್ತೆ ಹುಡುಗಿಯ ಕಡೆ ತಿರುಗಿದರು. “ಅಡಿಗೆ ಭಟ್ಟರ ಪಟ್ಟಿ ನೋಡಿದ್ಯನೇ ಕೂಸೇ? ಮೊದ್ಲು ಅಕ್ಕಿ ಬರೀತ, ಕಡೆಗೆ ಕೇಸರಿ ಬರೀತ. ಯಾವುದು ಜಾಸ್ತಿಯೋ ಅದು ಮೊದ್ಲು. ಇದು ಮೈದಾ ಬಿಸ್ಕತ್ತು. ರಾಗಿ ಕೇಸರಿ ನಮೂನೆಗೆ ಬಿದ್ದು ಹೋಜು.”

ನಾನು ಅಡಿಗೆ ಪಟ್ಟಿಯ ಉದಾಹರಣೆ ಕೊಟ್ಟು ಈ ನಿಯಮ ಕಲಿಸಿರಲಿಲ್ಲ. ಪದಾರ್ಥದ ಹೆಸರುಗಳನ್ನು ಪ್ರಮಾಣದ ಕ್ರಮದಲ್ಲಿ, ಹೆಚ್ಚಿನದು ಮೊದಲು ಬರೆಯುತ್ತಾರೆ ಅಂತ ಒಂದು ಸಲ ಹೇಳಿದ್ದೆ, ಅಷ್ಟೇ. ಉಳಿದದ್ದು ಅವರ ಸ್ವಂತ.

ಇನ್ನೊಂದು ಪ್ಯಾಕೆಟ್ಟಿನಲ್ಲಿ ಸಕ್ಕರೆಯ ಅಂಕಿ ಬಹಳ ಚಿಕ್ಕದಿತ್ತು. ಮಾವ ಮೆಚ್ಚಿ ತಲೆಯಾಡಿಸಿದರು. ಆಮೇಲೆ ಕನ್ನಡಕ ಏರಿಸಿ ಮತ್ತೆ ನೋಡಿದರು. ಅದು ಎರಡು ಬಿಸ್ಕತ್ತಿನ ಲೆಕ್ಕ.

“ಎರಡೇ ತಿಂದು ಡಬ್ಬಿ ಮುಚ್ಚವು ಯಾರಿದ್ದ?” ಅಂದರು ಅತ್ತೆ. “ನೂರು ಗ್ರಾಮಿಂದು ಎಂತ ಹೇಳಿ ನೋಡು.” ನೂರು ಗ್ರಾಮಿಂದು ನೋಡಿದ ಮೇಲೆ ಅದೂ ಕಪಾಟಿಗೆ ಹೋಯಿತು.

ಸೇಲ್ಸ್ ಹುಡುಗಿ ಈಗ ನಮ್ಮ ಹಿಂದೆಯೇ ಬರುತ್ತಿದ್ದಳು. ಮಾರಲಿಕ್ಕಲ್ಲ, ಕೇಳಲಿಕ್ಕೆ. “ಅಮ್ಮಾರ, ಹಂಗಂದ್ರ ಮುಂದಿನ ಬಾಜೂ ಬರದಿದ್ದು ಏನೂ ನೋಡಬಾರದೇನ್ರಿ?”

ಅತ್ತೆ ಕೈಯಲ್ಲಿದ್ದ ಪ್ಯಾಕೆಟ್ ಕೆಳಗಿಟ್ಟರು. ಇಂಥ ಪ್ರಶ್ನೆಗೆ ಅವರು ನಿಂತೇ ಉತ್ತರಿಸುವವರು.

“ನಿಂಗೆ ಗಂಡು ನೋಡ್ತಾ ಇದ್ವಾ?”

“ನೋಡಾಕತ್ತಾರ್ರಿ.” ಹುಡುಗಿ ನಾಚಿದಳು.

“ಗಂಡಿನ ಮನೆಗೆ ಹೋದಾಗ ಜಗಲಿ ನೋಡಡ. ಜಗಲಿ ಎಲ್ಲರೂ ಗುಡಿಸ್ತ. ನೀರು ಕುಡಿತೆ ಹೇಳಿ ಎದ್ದು ಹಿತ್ಲಕಡೆ ಹೋಗು. ಹಿತ್ಲು ಚೊಲೋ ಇದ್ರೆ ಮನೆ ಚೊಲೋ. ಇದೂ ಹಂಗೇಯ.”

ಅವತ್ತು ನಮ್ಮ ಚೀಲದಲ್ಲಿ ಬಂದದ್ದು ಹೆಸರುಕಾಳು, ರಾಗಿ ಹಿಟ್ಟು (ಒಳಗೆ ರಾಗಿ ಮಾತ್ರ, ಮಾವ ಎರಡು ಸಲ ಓದಿದರು), ಕಡಲೆ, ಶೇಂಗಾ, ಒಂದು ಕೇಜಿ ಸಾದಾ ಉಪ್ಪು. ಅತ್ತೆ ದುಬಾರಿ ಸೂಪಿನ ಪುಡಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ. ಹಿತ್ತಲಲ್ಲಿ ಒಂದೆಲಗ ಇರುವಾಗ, ಮಜ್ಜಿಗೆ ಇರುವಾಗ, ತಂಬುಳಿಗೆ ಪ್ಯಾಕೆಟ್ ಯಾಕೆ ಅಂದರು. ಕೌಂಟರಿನಲ್ಲಿ ಬಿಲ್ಲು ಬಂತು. ಏಪ್ರಿಲ್‌ನಲ್ಲಿ ನಾನು ಒಬ್ಬಳೇ ತಂದ ಆರೋಗ್ಯದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆ ಆರೋಗ್ಯಕ್ಕೆ ಆಸ್ಪತ್ರೆಯ ಖರ್ಚು ಸೇರಿಸಿ ಹೇಳುತ್ತಿಲ್ಲ.

ಮನೆಯ ಕಾನೂನೂ ಬದಲಾಗಿದೆ. ಕೊಟ್ಟೆ ಈಗಲೂ ಡೇರೆಗೇ ಹೋಗುತ್ತದೆ, ಅದರಲ್ಲಿ ರಾಜಿ ಇಲ್ಲ. ಆದರೆ ದಬ್ಬಣ ತಗಲುವ ಮೊದಲು ಅದರ ಹಿಂಬದಿಯ ಫೋಟೊ ಮಾವನ ಮೊಬೈಲಿಗೆ ಹೋಗಬೇಕು. ತೂತು ಕೆಳಗೆ, ಅಕ್ಷರ ಬಿಟ್ಟು. ಇದು ಅತ್ತೆಯ ಹೊಸ ತಿದ್ದುಪಡಿ.

ಈ ವರ್ಷ ಕಾಲೇಜಿನಲ್ಲಿ ಅದೇ ಪಾಠ ಬಂತು. ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಅತ್ತಿಗೆ ಗಿಡ ನೆಲಕ್ಕೆ ನೆಟ್ಟು ವಾಪಸು ಕಳಿಸಿದ್ದ ಕೊಟ್ಟೆಯನ್ನು ಮೇಜಿನ ಮೇಲೆ ಇಟ್ಟೆ. ಮಣ್ಣು ಮೆತ್ತಿದ, ಅಕ್ಷರದ ನಡುವೆ ತೂತಿದ್ದ ಕೊಟ್ಟೆ. ಮೊದಲ ಬೆಂಚಿನಿಂದ ಕೊನೆಯ ಬೆಂಚಿನವರೆಗೆ ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ತೂತಿನ ಅಕ್ಕಪಕ್ಕದ ಅಕ್ಷರ ಕೂಡಿಸಿ ಓದಿದರು. ಅಷ್ಟು ವರ್ಷದಲ್ಲಿ ಆ ಪಾಠ ಒಂದು ಕ್ಲಾಸಿಗೆ ಅರ್ಥವಾದದ್ದು ಅದೇ ಮೊದಲು. ನನಗೂ.

ಹೋದ ವಾರ ಅತ್ತಿಗೆ ಬಂದಿದ್ದರು, ಕೈಯಲ್ಲಿ ಬೋಗುಣಿಯಷ್ಟು ದೊಡ್ಡ ಹಳದಿ ಡೇರೆ ಹೂ. ತೂತಿನ ಕೊಟ್ಟೆಯ ಗಿಡದ್ದೇ. ಅತ್ತೆ ಸಾದಾ ಉಪ್ಪಿನಲ್ಲಿ ಹಾಕಿಟ್ಟಿದ್ದ ಮಾವಿನಕಾಯಿಯನ್ನು ತೊಳೆದು ನೆನೆಸಿ, ಹುಳಿ ಮಾತ್ರ ಉಳಿಸಿಕೊಂಡು ಅಪ್ಪೆಹುಳಿ ಮಾಡಿದರು. ಮಾವನಿಗೆ ಅರ್ಧ ಲೋಟ, ಡಾಕ್ಟರನ್ನು ಕೇಳಿಯೇ. ಅವರು ಒಂದು ಗುಟುಕು ಕುಡಿದು ನಾಲಿಗೆ ಚಪ್ಪರಿಸಿದರು.

“ಕಮ್ಮಿ ಇದ್ದು” ಅಂದರು. “ಆದ್ರೆ ಉಪ್ಪೇಯ.”

ನಾನು ಅವರ ಮಣಿಕಟ್ಟಿನ ಕಡೆ ನೋಡಿದೆ. ಈಗಲೂ ನೋಡುತ್ತೇನೆ, ಅವರಿಗೆ ಗೊತ್ತಾಗದ ಹಾಗೆ. ಅವರಿಗೆ ಗೊತ್ತಾಯಿತು. ಲೋಟ ಎಡಗೈಗೆ ಬದಲಿಸಿ ಬಲಗೈಯನ್ನು ನನ್ನ ಮುಂದೆ ಚಾಚಿದರು. “ಹಿಡಿ. ಎಣಿಸ್ಕ.” ಹಿಡಿದೆ. ಒಂದರ ಹಿಂದೆ ಒಂದು, ಒಂದೂ ತಪ್ಪದೆ ಬರುತ್ತಿತ್ತು.

ಈಗ ನಿಮ್ಮ ಸರದಿ. ನಿಮ್ಮ ಮನೆಯ ಉಪ್ಪಿನ ಪಾತ್ರೆಯಲ್ಲಿರುವುದು ಬರೀ ಉಪ್ಪೇ ಅಂತ ನಿಮಗೆ ಹೇಳಿದವರು ಯಾರು?